ದೋಣಿಯ ಈಜು ವೇದಿಕೆಯ ಆಧಾರಗಳು

ಈಜು ವೇದಿಕೆಯು ಮೋಟಾರು ದೋಣಿಯ ಹಿಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಹೊರಚಾಚಿರುವ ಹಲಗೆಯಾಗಿದೆ. ಈಜುವವರು ಮತ್ತು ಸ್ಕೂಬಾ ಡೈವಿಂಗ್ ಮಾಡುವವರು ನೀರಿಗೆ ಇಳಿಯಲು ಹಾಗೂ ಮರಳಿ ದೋಣಿ ಹತ್ತಲು ಇದನ್ನು ಬಳಸುತ್ತಾರೆ. ವೇದಿಕೆಯ ಭಾರವನ್ನು ದೋಣಿಯ ಹಿಂಗೋಡೆಗೆ ವರ್ಗಾಯಿಸುವ ಲೋಹದ ಬ್ರಾಕೆಟ್‌ಗಳನ್ನು ಮತ್ತು ಓರೆಗಂಬಗಳನ್ನು ವೇದಿಕೆಯ ಆಧಾರಗಳೆಂದು ಕರೆಯಲಾಗುತ್ತದೆ. ಆಧಾರ ಸಡಿಲಗೊಂಡರೆ ವೇದಿಕೆ ಕುಸಿದು ಮೇಲಿದ್ದವರು ಗಾಯಗೊಳ್ಳಬಹುದು. ಬೋಲ್ಟ್ ರಂಧ್ರಗಳ ಮೂಲಕ ನೀರು ಒಳಸೇರಿ ಹಿಂಗೋಡೆಯೇ ಕೊಳೆಯುವುದು ಇದಕ್ಕಿಂತ ದೊಡ್ಡ ಹಾನಿ.

ರಚನೆ ಮತ್ತು ಬಲಗಳು

ವೇದಿಕೆಯು ಒಂದೇ ಬದಿಯಲ್ಲಿ ಆಧಾರ ಪಡೆದಿರುವುದರಿಂದ ಸನ್ನೆಯಂತೆ ವರ್ತಿಸುತ್ತದೆ. ಉದಾಹರಣೆಗೆ, ಒಟ್ಟು 150 ಕಿ.ಗ್ರಾಂ. ತೂಕದ ಇಬ್ಬರು ಹಿಂಗೋಡೆಯಿಂದ 50 ಸೆಂ.ಮೀ. ದೂರದಲ್ಲಿ ನಿಂತಿದ್ದಾರೆ, ಬ್ರಾಕೆಟ್‌ಗಳ ಮೇಲಿನ ಮತ್ತು ಕೆಳಗಿನ ಬೋಲ್ಟ್ ಸಾಲುಗಳ ಅಂತರ 25 ಸೆಂ.ಮೀ. ಇದೆ ಎಂದುಕೊಂಡರೆ, ಮೇಲಿನ ಸಾಲನ್ನು ಹೊರಕ್ಕೆಳೆಯುವ ಬಲ 300 ಕಿ.ಗ್ರಾಂ. ತೂಕಕ್ಕೆ ಸಮನಾಗುತ್ತದೆ. ಜನರು ಜಿಗಿದಾಗ ಈ ಬಲ ಇನ್ನೂ ಹೆಚ್ಚುತ್ತದೆ.

ದೋಣಿ ಹಿಂದಕ್ಕೆ ಚಲಿಸಿದಾಗ ಅಥವಾ ಅಲೆಯು ಕೆಳಗಿನಿಂದ ಬಡಿದಾಗ ಬಲದ ದಿಕ್ಕು ತಿರುಗುತ್ತದೆ. ಅದುವರೆಗೆ ಒತ್ತಡದಲ್ಲಿದ್ದ ಓರೆಗಂಬವು ಆಗ ಸೆಳೆತಕ್ಕೆ ಒಳಗಾಗುತ್ತದೆ. ಮರಕ್ಕೆ ಕೊರೆದು ಕೂಡಿಸಿದ ತಿರುಪುಮೊಳೆಗಳು ಇಂತಹ ಎಳೆತವನ್ನು ಬಹುಕಾಲ ತಾಳಲಾರವು.

ಹಾನಿಯ ಕಾರಣಗಳು

ಬಹಳಷ್ಟು ಫೈಬರ್‌ಗ್ಲಾಸ್ ದೋಣಿಗಳ ಹಿಂಗೋಡೆಯಲ್ಲಿ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ರಂಧ್ರದ ಸುತ್ತಲಿನ ಸೀಲಂಟ್ ಬಿರುಕುಬಿಟ್ಟರೆ ನೀರು ಪ್ಲೈವುಡ್ ಸೇರಿ ಅದನ್ನು ಕೊಳೆಸುತ್ತದೆ. ಕೊಳೆತ ಮರವು ಬೋಲ್ಟ್‌ನ ಒತ್ತಡಕ್ಕೆ ಕುಗ್ಗುತ್ತದೆ; ಬೋಲ್ಟ್ ಮತ್ತಷ್ಟು ಸಡಿಲಗೊಂಡು ಇನ್ನಷ್ಟು ನೀರಿಗೆ ದಾರಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೂಡ ಆಮ್ಲಜನಕ ತಲುಪದ ಒದ್ದೆ ಸಂದಿಯಲ್ಲಿ ಸವೆಯುತ್ತದೆ. ಹೀಗಾಗಿ ಹೊರಗಿನ ತಲೆ ಹೊಳೆಯುತ್ತಿದ್ದರೂ ಬೋಲ್ಟ್‌ನ ನಡುಭಾಗ ತೆಳುವಾಗಿರಬಹುದು.

ಪರೀಕ್ಷೆ

ದೋಣಿಯನ್ನು ದಡಕ್ಕೆ ತಂದ ನಂತರ ವೇದಿಕೆಯ ಅಂಚನ್ನು ಮೇಲೆ ಕೆಳಗೆ ಅಲುಗಾಡಿಸಿ ಬ್ರಾಕೆಟ್ ಕದಲುವುದೇ ಎಂದು ನೋಡಲಾಗುತ್ತದೆ. ಹಿಂಗೋಡೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಭಾಗವು ಸ್ಪಷ್ಟ ಶಬ್ದವನ್ನೂ ಕೊಳೆತ ಭಾಗವು ಮಂದ ಶಬ್ದವನ್ನೂ ಕೊಡುತ್ತದೆ. ಬೋಲ್ಟ್ ಬಿಚ್ಚಿದಾಗ ಕಂದು ಬಣ್ಣದ ನೀರು ಹೊರಬಂದರೆ ಒಳಗಿನ ಮರ ಕೊಳೆತಿದೆ ಎಂದರ್ಥ.

ದುರಸ್ತಿ

ಹಾನಿ ರಂಧ್ರದ ಸುತ್ತ ಮಾತ್ರ ಇದ್ದರೆ, ರಂಧ್ರವನ್ನು ಹಿಗ್ಗಿಸಿ, ಮರವನ್ನು ಸಂಪೂರ್ಣ ಒಣಗಿಸಿ, ದಪ್ಪಗೊಳಿಸಿದ ಎಪಾಕ್ಸಿಯನ್ನು ತುಂಬಲಾಗುತ್ತದೆ. 8 ಮಿ.ಮೀ. ಬೋಲ್ಟ್‌ಗೆ ಸುಮಾರು 12 ಮಿ.ಮೀ. ರಂಧ್ರ ಕೊರೆಯಬಹುದು. ಎಪಾಕ್ಸಿ ಗಟ್ಟಿಯಾದ ಮೇಲೆ ಅದರ ನಡುವೆ 8 ಮಿ.ಮೀ. ರಂಧ್ರ ಕೊರೆದರೆ, ಮುಂದೆ ಸೀಲಂಟ್ ಸೋರಿದರೂ ನೀರು ಮರವನ್ನು ಮುಟ್ಟುವುದಿಲ್ಲ. ಕೊಳೆತ ಹರಡಿದ್ದರೆ ಒಳಪದರವನ್ನು ಕತ್ತರಿಸಿ, ಹಾಳಾದ ಮರವನ್ನು ತೆಗೆದು, ಮೆರೈನ್ ಪ್ಲೈವುಡ್ ಕೂರಿಸಿ, ಫೈಬರ್‌ಗ್ಲಾಸ್ ಬಟ್ಟೆಯಿಂದ ಮತ್ತೆ ಮುಚ್ಚಬೇಕಾಗುತ್ತದೆ. ಕೊಳೆತ ಮರದಲ್ಲಿ ಹೆಚ್ಚು ಉದ್ದದ ತಿರುಪುಮೊಳೆ ಹಾಕುವುದು ಪರಿಹಾರವಲ್ಲ.

ಭದ್ರವಾಗಿ ಬಿಗಿಯುವ ವಿಧಾನ

* ಹಿಂಗೋಡೆಯ ಆಚೆಗೆ ಹಾಯುವ ಬೋಲ್ಟ್‌ಗಳನ್ನೇ ಬಳಸಬೇಕು. ಉಪ್ಪುನೀರಿಗೆ ಮಾಲಿಬ್ಡಿನಮ್ ಇರುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ.
* ಒಳಬದಿಯಲ್ಲಿ ಅಗಲವಾದ ಲೋಹದ ಫಲಕ ಇಟ್ಟರೆ ಬಲವು ಹೆಚ್ಚು ವಿಸ್ತೀರ್ಣಕ್ಕೆ ಹಂಚಿಹೋಗುತ್ತದೆ.
* ರಂಧ್ರದ ಹೊರ ಅಂಚನ್ನು ಓರೆಯಾಗಿ ತರಿದರೆ ಸೀಲಂಟ್ ಬೋಲ್ಟ್‌ನ ಸುತ್ತ ಉಂಗುರದಂತೆ ನಿಲ್ಲುತ್ತದೆ. ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್ ಸೀಲಂಟ್ ಬಳಕೆಯಲ್ಲಿದೆ.
* ಬೋಲ್ಟ್‌ನ ತಲೆಯನ್ನು ತಿರುಗದಂತೆ ಹಿಡಿದು, ಒಳಗಿನಿಂದ ನಟ್ಟನ್ನು ಮಾತ್ರ ತಿರುಗಿಸಬೇಕು. ತಲೆ ತಿರುಗಿದರೆ ಸೀಲಂಟ್ ಹರಿದುಹೋಗುತ್ತದೆ.
* ಕಂಪನಕ್ಕೆ ಸಡಿಲಗೊಳ್ಳದಂತೆ ನೈಲಾನ್ ಬಳೆಯಿರುವ ನಟ್ ಉಪಯೋಗಿಸಲಾಗುತ್ತದೆ.

ಕರ್ನಾಟಕದ ಕರಾವಳಿಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪವು ರಾಜ್ಯದ ಪ್ರಮುಖ ಸ್ಕೂಬಾ ಡೈವಿಂಗ್ ತಾಣ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗುವುದರಿಂದ ಅಲ್ಲಿ ಈ ಚಟುವಟಿಕೆ ನಿಲ್ಲುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ದೋಣಿಗಳು ದಡದಲ್ಲಿರುವ ಈ ಅವಧಿಯು ದುರಸ್ತಿಗೆ ಅನುಕೂಲಕರವಾಗಿ ಕಂಡರೂ, ಗಾಳಿಯ ತೇವಾಂಶದಿಂದ ಮರ ಬೇಗ ಒಣಗುವುದಿಲ್ಲ. ಎಪಾಕ್ಸಿಯ ಮೇಲ್ಮೈಯಲ್ಲಿ ಜಿಡ್ಡಿನ ಪೊರೆ ಮೂಡಿ ಮುಂದಿನ ಪದರ ಅಂಟದಿರಬಹುದು; ಆ ಪೊರೆಯನ್ನು ನೀರಿನಿಂದ ತೊಳೆದು ಒರೆಸಿ ಉಜ್ಜಬೇಕು. ಆದ್ದರಿಂದ ಸೂರಿನಡಿಯಲ್ಲಿ ಕೆಲಸ ಮಾಡುವುದು ಅಥವಾ ಒಣಹವೆಗಾಗಿ ಕಾಯುವುದು ಉತ್ತಮ.

ಬಳಕೆಯಲ್ಲಿ ಎಚ್ಚರಿಕೆ

ಆಧಾರಗಳು ಭದ್ರವಾಗಿದ್ದರೂ ಎಂಜಿನ್ ಚಾಲೂ ಇರುವಾಗ ವೇದಿಕೆಯ ಮೇಲೆ ಯಾರೂ ಇರಬಾರದು. ಪ್ರೊಪೆಲ್ಲರ್ ಅದರ ಸಮೀಪದಲ್ಲಿಯೇ ತಿರುಗುತ್ತದೆ. ಅಲ್ಲಿ ಸೇರುವ ಹೊಗೆಯಲ್ಲಿನ ಇಂಗಾಲದ ಮಾನಾಕ್ಸೈಡ್ ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ವಿಷಾನಿಲವಾಗಿದ್ದು, ಪ್ರಜ್ಞೆ ತಪ್ಪಿಸಿ ಪ್ರಾಣಹಾನಿ ಉಂಟುಮಾಡಬಲ್ಲದು.