ಬಿಸಾಡಿದ ವೇಪ್‌ನೊಳಗೊಂದು ಬೋರ್ಡು

‘ತಗೋ, ಇದು ಸತ್ತೋಯ್ತು. ನಿನ್ ಪ್ರಾಜೆಕ್ಟಿಗೆ ಏನಾದ್ರೂ ಉಪಯೋಗಕ್ಕೆ ಬರುತ್ತಾ ನೋಡು’ ಎಂದು ರೂಮ್‌ಮೇಟ್ ನನ್ನ ಹಾಸಿಗೆ ಮೇಲೆ ಎಸೆದದ್ದು ಒಂದು ವೇಪ್. ನಾನು ಎಲೆಕ್ಟ್ರಾನಿಕ್ಸ್ ಓದುವವನು. ಹಾಸ್ಟೆಲಿನ ಕೆಟ್ಟ ಚಾರ್ಜರ್, ಇಯರ್‌ಫೋನ್ ಎಲ್ಲಕ್ಕೂ ಕೊನೆಯ ನಿಲ್ದಾಣ ನನ್ನ ಟೇಬಲ್ಲೇ. ಇ–ಸಿಗರೇಟು ಮಾರಾಟ ನಮ್ಮ ರಾಜ್ಯದಲ್ಲಿ 2016ರಲ್ಲೇ, ಇಡೀ ದೇಶದಲ್ಲಿ 2019ರಲ್ಲಿ ನಿಷೇಧವಾಗಿದೆ. ಇದು ಎಲ್ಲಿ ಸಿಕ್ಕಿತು ಎಂದರೆ ನಗುತ್ತಾನೆ. ಬೆಲೆ ಮಾತ್ರ ಹೇಳಿದ: 1,200 ರೂಪಾಯಿ.

ನಿಕೋಟಿನ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಹಾಗಾಗಿ ಗ್ಲೌಸ್ ಹಾಕಿಕೊಂಡು ಬಿಚ್ಚಿದೆ. (ನೀವು ಈ ಕೆಲಸಕ್ಕೆ ಕೈ ಹಾಕಬೇಡಿ. ನನ್ನ ಚಿಮುಟ ಜಾರಿ ಸೆಲ್ಲಿನ ಎರಡೂ ತುದಿಗೆ ತಗುಲಿ ಕಿಡಿ ಹಾರಿತು.) ಒಳಗಿದ್ದದ್ದು ಮೂರೇ: ದ್ರವ ಕುಡಿದ ಹತ್ತಿಯ ನಡುವೆ ಸುರುಳಿ ತಂತಿ, 550 ಎಂಎಎಚ್ ಲಿಥಿಯಂ ಸೆಲ್, ಕಿರುಬೆರಳ ಉಗುರಿನಷ್ಟು ಬೋರ್ಡು.

ಬೋರ್ಡಿನ ಮೇಲಿದ್ದ ದುಂಡನೆಯ ಲೋಹದ ಡಬ್ಬಿ ನೋಡಿ ಮೈಕ್ ಅಂದುಕೊಂಡೆ. ಹೆಚ್ಚುಕಡಿಮೆ ಮೈಕೇ. ಬಾಯಿಂದ ಎಳೆದಾಗ ಒಳಗಿನ ಒತ್ತಡ ಇಳಿದು ತೆಳು ಪೊರೆ ಬಾಗುತ್ತದೆ. ಪಕ್ಕದ ಚಿಪ್ ಅದನ್ನು ಗಮನಿಸಿ ಸೆಲ್ಲಿನ ಕರೆಂಟನ್ನು ತಂತಿಗೆ ಬಿಡುತ್ತದೆ. ತಂತಿಯ ರೋಧ ಅಳೆದೆ, 1.6 ಓಮ್. 3.7 ವೋಲ್ಟಿಗೆ ಲೆಕ್ಕ ಹಾಕಿದರೆ ಎಂಟೂವರೆ ವ್ಯಾಟ್. ಮನೆಯ ಎಲ್‌ಇಡಿ ಬಲ್ಬಿನಷ್ಟು ಶಕ್ತಿ, ತುಟಿಯಿಂದ ಒಂದೆರಡು ಇಂಚಿನಲ್ಲಿ! ಇಂಥ ಬೋರ್ಡುಗಳು ಎಂಟು–ಹತ್ತು ಸೆಕೆಂಡಿಗೆ ತಾವಾಗೇ ಆಫ್ ಆಗುತ್ತವೆ. ಎಳೆಯುವವನ ಮೇಲಿನ ಕನಿಕರದಿಂದಲ್ಲ. ತಂತಿ ಸುಡಬಾರದು, ಸೆಲ್ ಬಿಸಿಯೇರಬಾರದು ಎಂದು.

ಸೆಲ್ಲಿಗೆ ಮಲ್ಟಿಮೀಟರ್ ಹಿಡಿದರೆ 3.6 ವೋಲ್ಟ್. ಸತ್ತಿದ್ದು ಬ್ಯಾಟರಿಯಲ್ಲ, ದ್ರವ ಮುಗಿದಿತ್ತು ಅಷ್ಟೇ. ಮೊಬೈಲಿನ ಬ್ಯಾಟರಿಯಂತೆ ನೂರಾರು ಸಲ ಚಾರ್ಜ್ ಆಗಬಲ್ಲ ಸೆಲ್ ಅದು. ಆದರೆ ಚಾರ್ಜಿಂಗ್ ಚಿಪ್ಪೂ ಇಲ್ಲ, ಪೋರ್ಟೂ ಇಲ್ಲ. ಅವಕ್ಕೆ ತಗಲುವ ಕೆಲವು ರೂಪಾಯಿ ಉಳಿಸಿ, ಹೊಸದೊಂದು ಮಾರುವ ದಾರಿಯನ್ನೂ ಮಾಡಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 2023ರ ಸಮೀಕ್ಷೆಯ ಪ್ರಕಾರ ವಾರಕ್ಕೆ ಸುಮಾರು 50 ಲಕ್ಷ ಇಂಥವು ಕಸಕ್ಕೆ ಹೋಗುತ್ತಿದ್ದವು. 2025ರ ಜೂನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪನ್ನು ಅಲ್ಲಿ ನಿಷೇಧಿಸಿದರು.

ತಿಂಗಳ ನಂತರ ಅವನೇ ಇನ್ನೊಂದು ತಂದುಕೊಟ್ಟ. ಇದಕ್ಕೆ ಪುಟ್ಟ ಸ್ಕ್ರೀನು, ಚಾರ್ಜಿಂಗ್ ಪೋರ್ಟು. ಇಂಥವುಗಳಲ್ಲಿ ಪುಯಾ ಎಂಬ ಚೀನಾ ಕಂಪನಿಯ 32 ಬಿಟ್ ಚಿಪ್ ಇರುವುದುಂಟು: 24 ಮೆಗಾಹರ್ಟ್ಸ್ ವೇಗ, 3 ಕೆಬಿ ರ‍್ಯಾಮ್, ಸಗಟಿನಲ್ಲಿ ಹತ್ತು ರೂಪಾಯಿ ಆಸುಪಾಸು. ಅಪ್ಪನನ್ನು ಕಾಡಿಬೇಡಿ ಎಸ್‌ಪಿ ರೋಡಿನಲ್ಲಿ ನಾನು ಕೊಂಡ ಆರ್ಡುಯಿನೊ ಬೋರ್ಡಿನದು 8 ಬಿಟ್, 16 ಮೆಗಾಹರ್ಟ್ಸ್, 2 ಕೆಬಿ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆ ಸ್ಕ್ರೀನು ತೋರಿಸುವುದು ಬ್ಯಾಟರಿ ಎಷ್ಟಿದೆ, ದ್ರವ ಎಷ್ಟಿದೆ ಎಂದು. ಎಷ್ಟು ಎಳೆದೆ ಎಂದು ಕೇಳುವುದಿಲ್ಲ. ಸಿಗರೇಟಾದರೆ ಬೆರಳು ಸುಡುವಷ್ಟರಲ್ಲಿ ಮುಗಿಯುತ್ತದೆ. ಅವನು ಓದುತ್ತಾ, ಮಾತಾಡುತ್ತಾ, ರಾತ್ರಿ ಎಚ್ಚರವಾದಾಗ ದಿಂಬಿನಡಿಯಿಂದ ತೆಗೆದೂ ಎಳೆಯುತ್ತಿದ್ದ.

ಬೋರ್ಡನ್ನು ಬೆಳಕಿಗೆ ಹಿಡಿದಿದ್ದೆ. ಪಕ್ಕಕ್ಕೆ ಬಂದು ಕೂತ.

‘ಮಗಾ, ದಿನಕ್ಕೆ ಇಷ್ಟೇ ಅಂತ ಇದ್ರಲ್ಲಿ ಲಾಕ್ ಹಾಕೋಕಾಗಲ್ವಾ?’

‘ಆಗುತ್ತೆ ಕಣೋ. ಚಿಪ್ ಇದೆ, ನಾಲ್ಕೈದು ಸಾಲು ಕೋಡ್ ಸಾಕು.’

‘ಮತ್ತೆ ಯಾಕೆ ಹಾಕಿಲ್ಲ?’

ನಾನು ಸುಮ್ಮನಿದ್ದೆ. ಅವನೂ ಉತ್ತರಕ್ಕೆ ಕಾಯಲಿಲ್ಲ. ಎರಡೂ ಸೆಲ್ಲುಗಳ ತುದಿಗೆ ಟೇಪ್ ಸುತ್ತಿ ಕಾಲೇಜಿನ ಇ–ತ್ಯಾಜ್ಯದ ಡಬ್ಬಿಗೆ ಹಾಕಿ ಬಂದೆವು. ಮೂರನೆಯದು ಅವನ ಬ್ಯಾಗಿನಲ್ಲಿದೆ, ಮಾವಿನಹಣ್ಣಿನ ಫ್ಲೇವರಂತೆ. ಅದನ್ನಿನ್ನೂ ನನ್ನ ಟೇಬಲ್ಲಿಗೆ ತಂದಿಲ್ಲ.