ಗೇರುಬೀಜ ಕಾರ್ಖಾನೆಯಿಂದ ಗಾಳಿಗೆ ಸೇರುವುದೇನು?

ಕಾರ್ಖಾನೆಗಳಿಂದ ಗಾಳಿಗೆ ಸೇರುವ ಅನಿಲ, ಆವಿ ಮತ್ತು ಸೂಕ್ಷ್ಮ ಕಣಗಳನ್ನು ಒಟ್ಟಾಗಿ ವಾಯು ಹೊರಸೂಸುವಿಕೆ ಎನ್ನುತ್ತಾರೆ. ಇವು ಇಂಧನ ಉರಿಯುವಾಗ, ಕಚ್ಚಾವಸ್ತುವನ್ನು ಸಂಸ್ಕರಿಸುವಾಗ, ಇಲ್ಲವೇ ಸರಕನ್ನು ಸುರಿದು ಜರಡಿ ಹಿಡಿಯುವಾಗ ಹುಟ್ಟುತ್ತವೆ. ಚಾರ್ಮಾಡಿ ಘಾಟಿಯ ತಪ್ಪಲಿನ ಕಕ್ಕಿಂಜೆಯಿಂದ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳವರೆಗಿನ ಸೀಮೆಗೆ ಪರಿಚಿತವಾದ ರಬ್ಬರ್ ಹೊಗೆಗೂಡು, ಕುಚ್ಚಲಕ್ಕಿ ಗಿರಣಿ ಮತ್ತು ಗೇರುಬೀಜ ಕಾರ್ಖಾನೆಗಳಲ್ಲಿ ಈ ಮೂರು ಮೂಲಗಳನ್ನೂ ಗುರುತಿಸಬಹುದು.

ಮೊದಲನೆಯದು ದಹನ. ಒದ್ದೆ ಸೌದೆ ಅಥವಾ ಸಾಲದ ಗಾಳಿಯಿಂದ ಉರಿ ಅಪೂರ್ಣವಾದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಮಸಿಯೂ ಉಂಟಾಗುತ್ತವೆ. ಗಿರಣಿಯ ಬಾಯ್ಲರಿನಲ್ಲಿ ಉರಿಸುವ ಭತ್ತದ ಹೊಟ್ಟು ತನ್ನ ತೂಕದ ಸುಮಾರು ಐದನೇ ಒಂದರಷ್ಟು ಬೂದಿಯನ್ನು ಉಳಿಸುತ್ತದೆ. ಬಹುಪಾಲು ಸಿಲಿಕಾ ಆಗಿರುವ ಆ ಹಗುರ ಬೂದಿಯ ಒಂದಂಶ ಹೊಗೆಯೊಡನೆ ಚಿಮಣಿಯೇರುತ್ತದೆ. ಹೊಗೆಯಲ್ಲಿರುವ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಹೊಗೆಗೂಡಿನಲ್ಲಾದರೋ ರಬ್ಬರ್ ಹಾಳೆಗೆ ಬೂಸ್ಟು ಹಿಡಿಯದಂತೆ ಹೊಗೆಯನ್ನು ಉದ್ದೇಶಪೂರ್ವಕವಾಗಿಯೇ ಎಬ್ಬಿಸಲಾಗುತ್ತದೆ.

ಎರಡನೆಯದು ಸಂಸ್ಕರಣೆ. ಗೇರುಬೀಜದ ಸಿಪ್ಪೆಯಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದವುಗಳಿಂದ ಕೂಡಿದ, ಚರ್ಮವನ್ನು ಸುಡುವ ಎಣ್ಣೆ ಇರುತ್ತದೆ. ಬೀಜವನ್ನು ಬೆಂಕಿಯಲ್ಲಿ ಹುರಿದಾಗ ಇದು ಕಣ್ಣು, ಗಂಟಲು ಉರಿಸುವ ಘಾಟು ಹೊಗೆಯಾಗುತ್ತದೆ. ಹಬೆಯಲ್ಲಿ ಬೇಯಿಸುವ ವಿಧಾನದಲ್ಲಿ ಸಿಪ್ಪೆ ಸುಡದೆ ಮೆತ್ತಗಾಗುವುದರಿಂದ ಆ ಹೊಗೆ ಬಹಳ ಕಡಿಮೆಯಾಗುತ್ತದೆ. ಆದರೆ ಎಣ್ಣೆ ತೆಗೆಯದ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ, ಕುಲುಮೆಗೆ ಸಾಕಷ್ಟು ತಾಪ ಮತ್ತು ಗಾಳಿ ಒದಗಿಸದಿದ್ದರೆ, ಹುರಿಯುವಲ್ಲಿ ತಪ್ಪಿದ ಹೊಗೆ ಚಿಮಣಿಯಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ. ಮೂಲ ಅಳಿಯುವುದಿಲ್ಲ, ಜಾಗ ಬದಲಿಸುತ್ತದೆ.

ಮೂರನೆಯದು ಚಿಮಣಿಯನ್ನು ಸೇರದೆ ಕಿಟಕಿ, ಬಾಗಿಲು, ಅಂಗಳಗಳಿಂದ ಹರಡುವ ಚದುರು ಹೊರಸೂಸುವಿಕೆ. ಹೊಟ್ಟಿನ ರಾಶಿಯ ಧೂಳು, ಒಳಸಿಪ್ಪೆ ಸುಲಿಯುವಾಗ ಏಳುವ ಪುಡಿ ಈ ಬಗೆಯವು. ಚಿಮಣಿಗೆ ಅಳವಡಿಸಿದ ಯಾವ ಸಾಧನವೂ ಇವನ್ನು ಹಿಡಿಯಲಾರದು. ಧೂಳೇಳುವ ಜಾಗವನ್ನೇ ಮುಚ್ಚಬೇಕು, ಅಲ್ಲಿಂದಲೇ ಗಾಳಿಯನ್ನು ಹೀರಿ ಸೋಸಬೇಕು.

ಶುದ್ಧೀಕರಣ ಸಾಧನಗಳಿಗೂ ಮಿತಿಯಿದೆ. ಹೊಗೆಯನ್ನು ಸುತ್ತಿಸಿ ಕಣಗಳನ್ನು ಗೋಡೆಗೆ ಎಸೆಯುವ ಸೈಕ್ಲೋನ್ ದಪ್ಪ ಬೂದಿಯನ್ನು ಹಿಡಿದರೆ, ಬಟ್ಟೆಯ ಚೀಲದ ಸೋಸುಕ ನುಣ್ಣನೆಯ ಧೂಳನ್ನೂ ತಡೆಯುತ್ತದೆ. ಇಂಗಾಲದ ಮಾನಾಕ್ಸೈಡ್ ಮಾತ್ರ ಎರಡನ್ನೂ ದಾಟಿ ಹೋಗುತ್ತದೆ, ಅದಕ್ಕೆ ಪೂರ್ಣ ದಹನವೇ ಮದ್ದು. 1981ರ ವಾಯು ಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಸೂಸುವಿಕೆಗೆ ಮಿತಿ ವಿಧಿಸುತ್ತದೆ. ಆದರೂ ಚಿಮಣಿಯ ತುದಿಯ ಅಳತೆಯೊಂದರಿಂದಲೇ ಕಾರ್ಖಾನೆಯ ಗಾಳಿ ಶುದ್ಧವೆಂದು ತೀರ್ಮಾನಿಸಲಾಗದು, ಏಕೆಂದರೆ ಒಳಗಿನ ಧೂಳನ್ನು ಮೊದಲು ಉಸಿರಾಡುವವರು ಬೀಜ ಒಡೆದು ಸುಲಿಯುವ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು. ಆದ್ದರಿಂದ ಅಳತೆ ಅವರು ಕುಳಿತ ಜಾಗದಿಂದಲೇ ಆರಂಭವಾಗಬೇಕು.