ಕನ್ನಡಿಯ ಹೆಸರಿನ ಕಿರುದೋಣಿ

ಹಾಯಿದೋಣಿಯ ವಿಹಾರವು ಸಿರಿವಂತರ ವಿನೋದವೆಂದು ನಾವು ಭಾವಿಸುವುದುಂಟು. ಇಂಗ್ಲೆಂಡಿನಲ್ಲಿಯೂ ಬಹುಕಾಲ ಈ ಭಾವನೆಯು ಸುಳ್ಳಾಗಿರಲಿಲ್ಲ. 1963ರಲ್ಲಿ ‘ಡೈಲಿ ಮಿರರ್’ ಪತ್ರಿಕೆಯವರು ಹೊರತಂದ ಪುಟ್ಟ ದೋಣಿಯೊಂದು ಅದನ್ನು ಬಹುಮಟ್ಟಿಗೆ ಅಳಿಸಿತು. ಮಿರರ್ ಎಂದರೆ ಕನ್ನಡಿ. ದೋಣಿಗೂ ಪತ್ರಿಕೆಯ ಹೆಸರೇ ನಿಂತಿತು. ದೋಣಿಯ ಬಿಡಿಭಾಗಗಳ ಕಟ್ಟಿಗೆ ಆಗಿನ ಬೆಲೆ 63 ಪೌಂಡು 11 ಷಿಲಿಂಗು.

ಇದರ ರೂಪವನ್ನು ಕಲ್ಪಿಸಿದವರು ದೋಣಿಗಳ ವಿನ್ಯಾಸದಲ್ಲಿ ನುರಿತ ಜ್ಯಾಕ್ ಹೋಲ್ಟ್ ಮತ್ತು ಟೆಲಿವಿಷನ್ನಿನಲ್ಲಿ ಮನೆಗೆಲಸದ ಮರಗೆಲಸವನ್ನು ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್. ಪ್ಲೈವುಡ್ ಹಲಗೆಗಳ ಅಂಚುಗಳನ್ನು ತಾಮ್ರದ ತಂತಿಯಿಂದ ಬಟ್ಟೆಯಂತೆ ಹೊಲಿದು, ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸಿದರೆ ದೋಣಿಯ ಒಡಲು ಸಿದ್ಧವಾಗುವುದು. ಬಡಗಿಯ ಕೈಚಳಕವಿಲ್ಲದವನೂ ತನ್ನ ಮನೆಯಲ್ಲಿಯೇ ಇದನ್ನು ಕಟ್ಟಬಹುದಾಯಿತು.

ದೋಣಿಯ ಉದ್ದ 10 ಅಡಿ 10 ಅಂಗುಲ. ಒಡಲಿನ ತೂಕ ಸುಮಾರು 45 ಕಿಲೋಗ್ರಾಂ. ಮೂತಿಯು ಚೂಪಾಗಿರದೆ ಕತ್ತರಿಸಿದಂತೆ ಚಪ್ಪಟೆಯಾಗಿದೆ. ಇಷ್ಟು ಗಿಡ್ಡ ದೋಣಿಯನ್ನು ಮುಂದೆ ಚೂಪುಮಾಡಿದ್ದರೆ ಕುಳಿತುಕೊಳ್ಳುವ ಸ್ಥಳವೇ ಕಿರಿದಾಗುತ್ತಿತ್ತು. ಹಾಯಿಯನ್ನು ಹೊತ್ತ ಕೋಲೊಂದು ಗಿಡ್ಡ ಕೂವೆಮರದ ಮೇಲಕ್ಕೇರಿ ನೆಟ್ಟಗೆ ನಿಲ್ಲುವುದು. ಇಳಿಸಿದಾಗ ಎರಡು ಮರಗಳೂ ದೋಣಿಯೊಳಗೇ ಅಡಗುವುದರಿಂದ, ಎಲ್ಲವನ್ನೂ ಮೋಟಾರುಗಾಡಿಯ ಮಾಡಿನ ಮೇಲೆ ಒಯ್ಯಬಹುದು.

ಈ ಅನುಕೂಲಗಳಿಗೆ ತೆರಬೇಕಾದ ಬೆಲೆಯೂ ಉಂಟು. ಗಾಳಿಗೆದುರಾಗಿ ಯಾವ ಹಾಯಿದೋಣಿಯೂ ನೇರವಾಗಿ ಸಾಗಲಾರದು. ಓರೆಯೋರೆಯಾಗಿ ಹಾದಿ ಬದಲಿಸುತ್ತ ಮುಂದುವರಿಯಬೇಕು. ಆಗ ಪಕ್ಕಕ್ಕೆ ಜಾರದಂತೆ ತಡೆಯುವುದು ತಳದ ಸೀಳಿನಲ್ಲಿ ನೀರಿಗೆ ಇಳಿಬಿಟ್ಟ ಹಲಗೆ. ಆದರೆ ಸಣ್ಣ ಅಲೆಗಳು ಚಪ್ಪಟೆಯ ಮೂತಿಗೆ ಬಡಿದಾಗ ವೇಗವು ಕುಗ್ಗುವುದು. ಚೂಪುಮೂತಿಯ ಪಂದ್ಯದ ದೋಣಿಯು ಅದೇ ಅಲೆಯನ್ನು ಸೀಳಿಕೊಂಡು ಹೋದೀತು.

ಹಾಗಿದ್ದರೂ ತಂದೆತಾಯಿಗಳು ಮೊದಲು ಕೇಳುವುದು ವೇಗವನ್ನಲ್ಲ. ದೋಣಿ ಮಗುಚಿದರೆ ಮಗುವಿನ ಗತಿಯೇನೆಂಬುದನ್ನು. ಒಡಲಿನೊಳಗೆ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರುವುದರಿಂದ ಅದು ಮಗುಚಿದರೂ ಮುಳುಗದೆ ತೇಲುವುದು. ತಳದ ಹಲಗೆಯ ಮೇಲೆ ಭಾರ ಹಾಕಿ ಅದನ್ನು ಮತ್ತೆ ನಿಲ್ಲಿಸಬಹುದು. ಆದರೆ ಈ ಕೋಣೆಗಳ ಸಂದುಗಳು ನೀರೊಸರದಂತೆ ಭದ್ರವಾಗಿರಬೇಕು. ಮನೆಯಲ್ಲಿ ಕಟ್ಟುವವನ ಹೊಣೆಯೆಲ್ಲ ಇಲ್ಲಿಯೇ.

ಈ ಬಗೆಯ ದೋಣಿಗಳು 70,000ಕ್ಕೂ ಮಿಗಿಲಾಗಿ ನಿರ್ಮಾಣವಾಗಿವೆ. ವಿನ್ಯಾಸದ ಹಿರಿಮೆಯನ್ನು ವೇಗದಿಂದ ಮಾತ್ರ ಅಳೆಯಲಾಗದು. ಎಷ್ಟು ಜನರನ್ನು ಅದು ದಡದಿಂದ ನೀರಿಗಿಳಿಸಿತೆಂಬುದನ್ನೂ ನಾವು ನೋಡಬೇಕು.